ಕೆಳಗಿಳಿಯದ ವೃಷಣ: ಎಷ್ಟು ಕಾಲ ಕಾಯಬೇಕು?

ಬಾಣಂತನಕ್ಕೆಂದು ಊರಿನಿಂದ ಬಂದು ಕೂಸಿಗೆ ಎಣ್ಣೆ-ನೀರು ಹಾಕುವ ಅಜ್ಜಿಯ ಕೈಗೇ ಈ ದೋಷವು ಮೊದಲು ತಿಳಿಯುವುದುಂಟು: ವೃಷಣಚೀಲದ ಒಂದು ಪಕ್ಕ ಬರಿದಾಗಿರುತ್ತದೆ. 'ದೊಡ್ಡವನಾದರೆ ತಾನೇ ಇಳಿಯುತ್ತದೆ' ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ. ಅಜ್ಜಿ ಊರಿಗೆ ಮರಳಿದ ಮೇಲೆ, ನಗರದ ಅವಸರದಲ್ಲಿ, ಸಂಕೋಚವೂ ಸೇರಿ, ವಿಷಯ ಮರೆತೇಹೋಗುತ್ತದೆ.

ಆ ಸಮಾಧಾನ ಅರ್ಧ ಮಾತ್ರ ನಿಜ. ದಿನತುಂಬಿ ಹುಟ್ಟಿದ 100 ಗಂಡುಮಕ್ಕಳಲ್ಲಿ ಸುಮಾರು 3 ಮಂದಿಗೆ ಈ ತೊಂದರೆಯುಂಟು. ಬಹುಪಾಲು ವೃಷಣಗಳು 6 ತಿಂಗಳೊಳಗೆ ತಾವಾಗಿ ಇಳಿಯುತ್ತವೆ. ಅನಂತರವೂ ಕಾಯುವುದು ನಷ್ಟದ ಬಾಬ್ತು. ಚೀಲದ ಉಷ್ಣತೆ ದೇಹಕ್ಕಿಂತ ಕಡಿಮೆ. ಒಳಗಿನ ಬಿಸಿಯಲ್ಲಿ ಮುಂದೆ ವೀರ್ಯಾಣುಗಳನ್ನು ಉತ್ಪಾದಿಸಬೇಕಾದ ಕೋಶಗಳು ಎಳೆತನದಲ್ಲೇ ಕ್ಷೀಣಿಸತೊಡಗುತ್ತವೆ. ಪ್ರಾಯದಲ್ಲಿ ಅರ್ಬುದರೋಗದ ಸಂಭವವೂ ಹೆಚ್ಚು.

ಆದುದರಿಂದ 6ರಿಂದ 18 ತಿಂಗಳ ನಡುವೆ ಶಸ್ತ್ರಚಿಕಿತ್ಸೆ ಮಾಡಿಸುವುದು ಯುಕ್ತ. ಅರಿವಳಿಕೆ ಕೊಟ್ಟು, ತೊಡೆಸಂದಿನಲ್ಲಿ ಸಣ್ಣದಾಗಿ ಕೊಯ್ದು, ರಕ್ತನಾಳಗಳಿಗೆ ಧಕ್ಕೆಯಾಗದಂತೆ ವೃಷಣವನ್ನು ಬಿಡಿಸಿ ಇಳಿಸಿ, ಚೀಲದ ಚರ್ಮದಡಿಯ ಪುಟ್ಟ ಜೇಬಿನಲ್ಲಿ ನೆಲೆಗೊಳಿಸುತ್ತಾರೆ. ಜೊತೆಗೆ ಹರ್ನಿಯಾ ಇದ್ದರೆ ಅದನ್ನೂ ಸರಿಪಡಿಸುತ್ತಾರೆ. ವೃಷಣವು ಕೈಗೆ ಸಿಗದಿದ್ದಲ್ಲಿ ಲ್ಯಾಪರೋಸ್ಕೋಪಿನಿಂದ ಹುಡುಕಬೇಕು. ಅನೇಕ ಮಕ್ಕಳು ಅಂದೇ ಮನೆಗೆ ಮರಳುತ್ತಾರೆ.

ಚಳಿಗೆ ಮೇಲೆ ಸರಿದು, ಬಿಸಿನೀರಿನ ಸ್ನಾನದಲ್ಲಿ ಇಳಿದುಬರುವ ವೃಷಣದ ಮಾತು ಬೇರೆ. ಅದಕ್ಕೆ ಶಸ್ತ್ರ ಬೇಡ. ವರ್ಷಕ್ಕೊಮ್ಮೆ ವೈದ್ಯರಿಗೆ ತೋರಿಸುತ್ತಿದ್ದರೆ ಸಾಕು.