ನಿಂತ ರೈಲಿನಲ್ಲಿ ಹೊಳೆದ ಗಣಿತ

1958ರ ನವೆಂಬರ್ ಕೊನೆ. ಪ್ರಿನ್ಸ್‌ಟನ್‌ನಿಂದ ಬರುತ್ತಿದ್ದ ರೈಲು, ಬಾಲ್ಟಿಮೋರ್ ಇನ್ನೇನು ಬಂತು ಎನ್ನುವಾಗ ನಿಂತುಬಿಟ್ಟಿತು. ರಾತ್ರಿ ಹನ್ನೊಂದರ ಸುಮಾರು. ಗಂಟೆ ಹೊತ್ತು ಕದಲಲಿಲ್ಲ. ದಣಿದು, ತಲೆನೋವಿನಲ್ಲಿ ಕೂತಿದ್ದ 28ರ ರುಡಾಲ್ಫ್ ಕಾಲ್ಮನ್ ಅವರಿಗೆ ಅಲ್ಲೇ ಒಂದು ವಿಚಾರ ಹೊಳೆಯಿತು. ಗದ್ದಲ ಬೆರೆತ ಅಳತೆಗಳಿಂದ ನಿಜವನ್ನು ಸೋಸಿ ತೆಗೆಯಲು ಗಣಿತಜ್ಞ ನಾರ್ಬರ್ಟ್ ವೀನರ್ ಕೊಟ್ಟಿದ್ದ ಗಣಿತಕ್ಕೆ ಹಿಂದಿನ ಅಳತೆಗಳೆಲ್ಲ ಬೇಕಿದ್ದವು. ಅದರ ಬದಲು ವಸ್ತು ಈಗ ಎಲ್ಲಿದೆ, ಯಾವ ವೇಗದಲ್ಲಿದೆ ಎಂಬ 'ಸ್ಥಿತಿ'ಯನ್ನೇ ಹಿಡಿದು ಮುಂದೆ ಸಾಗಿದರೆ?

ಕಾಲ್ಮನ್ ಹುಟ್ಟಿದ್ದು 1930ರಲ್ಲಿ, ಹಂಗೆರಿಯ ಬುಡಾಪೆಸ್ಟ್‌ನಲ್ಲಿ. ತಂದೆ ಎಲೆಕ್ಟ್ರಿಕಲ್ ಎಂಜಿನಿಯರ್. ಮಹಾಯುದ್ಧದ ನಡುವೆ, 1943ರಲ್ಲಿ, ಕುಟುಂಬ ದೇಶ ಬಿಟ್ಟು ಅಮೆರಿಕದ ದಾರಿ ಹಿಡಿಯಿತು. ಎಂಐಟಿಯಲ್ಲಿ ಓದಿ, 1957ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದರು.

ರೈಲಿನಲ್ಲಿ ಹೊಳೆದದ್ದರ ತಿರುಳು ಇಷ್ಟು. ಕಾರೊಂದು ಹೋಗುತ್ತಿದೆ. ಅದರ ವೇಗ ನೋಡಿದರೆ ತಿರುವಿನಿಂದ 100 ಮೀಟರ್ ಬಂದಿರಬೇಕು; ಜಿಪಿಎಸ್ 108 ಎನ್ನುತ್ತಿದೆ. ಎರಡರಲ್ಲೂ ತಪ್ಪಿರಬಹುದು. ಎರಡನ್ನೂ ಸಮನಾಗಿ ನಂಬಿದರೆ 104. ಎತ್ತರದ ಕಟ್ಟಡಗಳಿಗೆ ಬಡಿದು ಸಿಗ್ನಲ್ ಕೆಟ್ಟು ಬರುತ್ತಿದ್ದರೆ ಜಿಪಿಎಸ್‌ಗೆ ಕಾಲುಭಾಗ ತೂಕ ಕೊಡಬಹುದು, ಆಗ 102. ಈ ತೂಕ ಎಷ್ಟಿರಬೇಕೆಂದು ಹೆಜ್ಜೆಹೆಜ್ಜೆಗೂ ಲೆಕ್ಕ ಹಾಕುವುದೇ ಕಾಲ್ಮನ್ ಫಿಲ್ಟರ್. ಇದರಲ್ಲಿ ನನ್ನ ಮನಸ್ಸು ಸೆಳೆಯುವುದು ಅದರ ಮಿತವ್ಯಯ. 102 ಎಂಬ ಅಂದಾಜು, ಅದು ಎಷ್ಟು ತಪ್ಪಿರಬಹುದೆಂಬ ಅಂದಾಜು, ಇವೆರಡು ಕೈಯಲ್ಲಿದ್ದರೆ ಸಾಕು. ಹಳೆಯ ಅಳತೆಗಳ ಸಾರವೆಲ್ಲ ಅವುಗಳೊಳಗೆ ಆಗಲೇ ಇಳಿದಿರುತ್ತದೆ.

ಎಲೆಕ್ಟ್ರಿಕಲ್ ಎಂಜಿನಿಯರುಗಳ ವಲಯ ಇದನ್ನು ಅನುಮಾನದಿಂದ ನೋಡಿತು. 1960ರಲ್ಲಿ ಪ್ರಬಂಧ ಬೆಳಕು ಕಂಡದ್ದು ಮೆಕ್ಯಾನಿಕಲ್ ಎಂಜಿನಿಯರುಗಳ ಪತ್ರಿಕೆಯಲ್ಲಿ. ಅದೇ ವರ್ಷ ಕಾಲ್ಮನ್ ನಾಸಾದ ಏಮ್ಸ್ ಕೇಂದ್ರಕ್ಕೆ ಹೋದರು. ಅಲ್ಲಿ ಚಂದ್ರನತ್ತ ನೌಕೆ ನಡೆಸುವ ಲೆಕ್ಕದಲ್ಲಿ ಮುಳುಗಿದ್ದ ಸ್ಟ್ಯಾನ್ಲಿ ಶ್ಮಿಟ್ ಅವರಿಗೆ ಬೇಕಿದ್ದದ್ದು ಇದೇ. ಫಿಲ್ಟರ್ ಇದ್ದದ್ದು ರೇಖೀಯ ಸಮೀಕರಣಗಳಿಗೆ. ನೌಕೆಯ ಚಲನೆ ಅಂಥದ್ದಲ್ಲ. ಪ್ರತಿ ಹೊಸ ಅಂದಾಜಿನ ಆಸುಪಾಸಿನಲ್ಲಿ ಸಮೀಕರಣಗಳನ್ನು ರೇಖೀಯವಾಗಿಸಿಕೊಂಡು ಶ್ಮಿಟ್ ತಂಡ ದಾರಿ ಮಾಡಿತು. ಅಪೊಲೊ ನೌಕೆಯ ಕಂಪ್ಯೂಟರಿನಲ್ಲಿ ಅಳಿಸಿ ಬರೆಯಬಹುದಾದ ಮೆಮೊರಿ ಇದ್ದದ್ದೇ ಸುಮಾರು 4 ಕಿಲೋಬೈಟ್. ಹಳೆಯದನ್ನು ಹೊತ್ತು ತಿರುಗಬೇಕಿಲ್ಲದ ಈ ಗಣಿತ ಅದರಲ್ಲೂ ಹಿಡಿಸಿತು.

ಮುಂದೆ ಸ್ಟ್ಯಾನ್‌ಫರ್ಡ್, ಫ್ಲಾರಿಡಾ, ಜೂರಿಚ್‌ಗಳಲ್ಲಿ ಪಾಠ. 1985ರಲ್ಲಿ ಕ್ಯೋಟೊ ಪ್ರಶಸ್ತಿ. 2009ರಲ್ಲಿ ಅಧ್ಯಕ್ಷ ಒಬಾಮ ಕೈಯಿಂದ ರಾಷ್ಟ್ರೀಯ ವಿಜ್ಞಾನ ಪದಕ. 2016ರಲ್ಲಿ ತೀರಿಕೊಂಡರು. ಹೆಸರು ಫಿಲ್ಟರಿಗೆ ಅಂಟಿತಾದರೂ ಅವರ ಇನ್ನೊಂದು ಪ್ರಶ್ನೆ ಅದಕ್ಕಿಂತ ಆಳದ್ದೆಂದು ನನ್ನ ಎಣಿಕೆ: ಹೊರಗಿನ ಅಳತೆಯಿಂದ ಒಳಗಿನ ಸ್ಥಿತಿ ಪೂರ್ತಿ ತಿಳಿದೀತೇ? ಅದಕ್ಕೆ ಅವರು ಖಚಿತವಾದ ಗಣಿತ ಪರೀಕ್ಷೆಯನ್ನೇ ಕೊಟ್ಟರು. ಅದೇ ಕಾರನ್ನು ತೆಗೆದುಕೊಳ್ಳಿ. ಅದು ಎಲ್ಲೆಲ್ಲಿದೆ ಎಂದು ಅಳೆಯುತ್ತಿದ್ದರೆ ವೇಗವೂ ಸಿಗುತ್ತದೆ. ವೇಗವನ್ನಷ್ಟೇ ಅಳೆಯುತ್ತ ಕೂತರೆ, ಹೊರಟದ್ದು ಎಲ್ಲಿಂದ ಎಂದು ಗೊತ್ತಿಲ್ಲದವರಿಗೆ, ಅದು ಈಗ ಎಲ್ಲಿದೆ ಎಂಬುದು ಎಂದಿಗೂ ತಿಳಿಯದು.