ಸಿಮೆಂಟು ಬಂತು, ಮಂತ್ರಿಗಿರಿ ಬಂತು. ಸಾಲಿ ಮಾತ್ರ ಹಿಂದೆ ಬಿತ್ತು!

ದೇಶ ಮುಂದೆ ಬರಬೇಕಾದರೆ ಮೂರು ಬೇಕು ಅಂತಾರೆ: ಒಳ್ಳೆ ಮುಂದಾಳು, ನೆಟ್ಟಗಿನ ಆಡಳಿತ, ಮಕ್ಕಳಿಗೆ ವಿದ್ಯೆ. ಈ ಮಾತು ಖರೇನೋ ಸುಳ್ಳೋ ಎಂದು ನೋಡಲು ದಿಲ್ಲಿಗೆ ಹೋಗಬೇಕಾಗಿಲ್ಲ. ಶಹಾಬಾದ್‌ನಲ್ಲಿ ಬಸ್ ಹತ್ತಿ, ವಾಡಿ, ಚಿತ್ತಾಪುರ, ಸೇಡಂ ದಾಟಿ ಚಿಂಚೋಳಿಯಲ್ಲಿ ಇಳಿದರೆ ಸಾಕು. ಯಾವುದು ಬಂತು, ಯಾವುದು ತಪ್ಪಿತು ಎಂಬ ಲೆಕ್ಕ ದಾರಿಯುದ್ದಕ್ಕೂ ಸಿಗುತ್ತದೆ.

ಸಂಪತ್ತಿಗೆ ಬರವಿಲ್ಲ

ಮುಂಬೈ-ಮದ್ರಾಸ್ ರೈಲು ದಾರಿ 1871ರಲ್ಲೇ ಕೂಡಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿತು. ಚಿತ್ತಾಪುರ, ಸೇಡಂ ಆ ದಾರಿಯ ಮೇಲೇ ಇವೆ. ಶಹಾಬಾದ್ ಫರಸಿ ಹಾಸದ ಊರಿಲ್ಲ. 1936ರಲ್ಲಿ ಎಸಿಸಿ ಕಂಪನಿ ಹುಟ್ಟಿದಾಗ ಅದರಲ್ಲಿ ಸೇರಿಹೋದ ಕಂಪನಿಗಳ ಪೈಕಿ ಶಹಾಬಾದ್ ಸಿಮೆಂಟೂ ಒಂದು. 1968ರಲ್ಲಿ ವಾಡಿಯಲ್ಲಿ ಎಸಿಸಿ ಕಾರ್ಖಾನೆ ಶುರುವಾಯಿತು. 1980ರ ದಶಕದಲ್ಲಿ ಮಳಖೇಡದಲ್ಲಿ ರಾಜಶ್ರೀ, ಸೇಡಂನಲ್ಲಿ ವಾಸವದತ್ತಾ ಬಂದವು. ನೆಲದಡಿ ಸುಣ್ಣದ ಕಲ್ಲು, ನೆಲದ ಮೇಲೆ ತೊಗರಿ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು.

ಮುಂದಾಳುಗಳಿಗೂ ಬರವಿಲ್ಲ

ಚಿಂಚೋಳಿಯ ವೀರೇಂದ್ರ ಪಾಟೀಲರು ಎರಡು ಸಲ ಮುಖ್ಯಮಂತ್ರಿಯಾದರು: 1968ರಿಂದ 1971ರವರೆಗೆ ಒಮ್ಮೆ, 1989-90ರಲ್ಲಿ ಮತ್ತೊಮ್ಮೆ. ಪಕ್ಕದ ಜೇವರ್ಗಿಯಿಂದ ಗೆದ್ದ ಧರ್ಮಸಿಂಗ್ 2004ರಲ್ಲಿ ಆ ಕುರ್ಚಿಯಲ್ಲಿ ಕೂತರು. 2008ರಲ್ಲಿ ಚಿತ್ತಾಪುರದಿಂದ ಗೆದ್ದ ಮಲ್ಲಿಕಾರ್ಜುನ ಖರ್ಗೆ ಮುಂದೆ ಕೇಂದ್ರ ಮಂತ್ರಿಯಾದರು.

ಹಾಗಾದರೆ ತಾಲ್ಲೂಕುಗಳು ಹೇಗಿರಬೇಕಿತ್ತು? 2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪ ಸಮಿತಿ 35 ಅಳತೆಗೋಲು ಹಿಡಿದು ರಾಜ್ಯದ ತಾಲ್ಲೂಕುಗಳನ್ನೆಲ್ಲ ಅಳೆದು, 39 ತಾಲ್ಲೂಕುಗಳನ್ನು 'ಅತ್ಯಂತ ಹಿಂದುಳಿದವು' ಎಂದು ಬರೆಯಿತು. ಚಿಂಚೋಳಿ, ಸೇಡಂ, ಚಿತ್ತಾಪುರ ಮೂರೂ ಆ ಪಟ್ಟಿಯಲ್ಲಿದ್ದವು. ಆಗ ವಾಡಿ, ಶಹಾಬಾದ್ ಎರಡೂ ಚಿತ್ತಾಪುರ ತಾಲ್ಲೂಕಿನೊಳಗೇ. ಅಂದರೆ ಐದೂ ಊರು ಒಂದೇ ಗಂಟಿನಲ್ಲಿ! ಕಾರ್ಖಾನೆಯ ಚಿಮಣಿ ಎತ್ತರವಾದ ಮಾತ್ರಕ್ಕೆ ತಾಲ್ಲೂಕು ಎತ್ತರವಾಗುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಗಂಟು ಎಲ್ಲಿದೆ?

ಗಂಟು ಹಳೆಯದು. ನಿಜಾಮರ ಕಾಲದಲ್ಲಿ ಕಚೇರಿ ಉರ್ದು, ಮೇಲಿನ ತರಗತಿಯ ಪಾಠವೂ ಉರ್ದು. ಮನೆಯಲ್ಲಿ ಕನ್ನಡ ಆಡುವ ರೈತನ ಮಗ ಸಾಲಿಯ ಹೊಸ್ತಿಲಲ್ಲೇ ಸೋಲುತ್ತಿದ್ದ. 1907ರಲ್ಲಿ ಕಲಬುರಗಿಯಲ್ಲಿ ನೂತನ ವಿದ್ಯಾಲಯ ತೆರೆದಂಥ ಕೆಲವರು ದೀಪ ಹಚ್ಚಿದರು, ಆದರೆ ಅದರ ಬೆಳಕು ಹಳ್ಳಿಗೆ ಮುಟ್ಟಲಿಲ್ಲ. 1948ರ ಸೆಪ್ಟೆಂಬರ್ 17ಕ್ಕೆ ವಿಮೋಚನೆ, 1956ರ ನವೆಂಬರ್ 1ಕ್ಕೆ ಏಕೀಕರಣ. ಹಳೆ ಮೈಸೂರಿನವರು ಆಗಲೇ ಎಷ್ಟೋ ಮೈಲಿ ಮುಂದೆ ಹೋಗಿದ್ದರು.

ಆಮೇಲೆ ಪ್ರಯತ್ನ ನಡೆಯಲಿಲ್ಲ ಅಂತಲ್ಲ. 1958ರಲ್ಲಿ ಮಹದೇವಪ್ಪ ರಾಂಪುರೆ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಕಟ್ಟಿದರು. ಇಂಜಿನಿಯರಿಂಗ್ ಕಾಲೇಜು ಬಂತು, 1963ರಲ್ಲಿ ಮೆಡಿಕಲ್ ಕಾಲೇಜು ಬಂತು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ, 2009ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ. ಮಾಳಿಗೆ ಚೆಂದಾಯಿತು. ಆದರೆ ಹಳ್ಳಿಯ ಸಾಲಿ ಎಂಬ ಮೆಟ್ಟಿಲು ಅಲುಗಾಡುತ್ತಲೇ ಉಳಿಯಿತು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇಕಡಾ 75.36, ಕಲಬುರಗಿ ಜಿಲ್ಲೆಯದು 64.85. ಹೆಣ್ಣುಮಕ್ಕಳದ್ದು 55ರ ಆಸುಪಾಸು!

ಕಾನೂನು ಬಂತು, ಅರ್ಜಿ ಹಾಕುವವರಾರು?

ಚಿಂಚೋಳಿಯಿಂದ ಗೆದ್ದು ಮಂತ್ರಿಯಾಗಿದ್ದ ವೈಜನಾಥ ಪಾಟೀಲರು ವರ್ಷಗಟ್ಟಲೆ ಬಡಿದಾಡಿದ್ದು 371ನೇ ವಿಧಿಗಾಗಿ. ಸಂವಿಧಾನದ 98ನೇ ತಿದ್ದುಪಡಿ 2012ರಲ್ಲಿ ಪಾಸಾಗಿ, 371(ಜೆ) 2013ರಲ್ಲಿ ಜಾರಿಗೆ ಬಂತು. ಈ ಭಾಗದ ಸಿ ದರ್ಜೆ ನೌಕರಿಯಲ್ಲಿ ಸ್ಥಳೀಯರಿಗೆ ಶೇಕಡಾ 80, ಡಿ ದರ್ಜೆಯಲ್ಲಿ 85, ಕಾಲೇಜು ಸೀಟಿನಲ್ಲಿ 70 ಮೀಸಲು. ಸಣ್ಣ ಮಾತಲ್ಲ. ಎಷ್ಟೋ ಮನೆಯ ಮಕ್ಕಳು ಇದರಿಂದಲೇ ಡಾಕ್ಟರಾಗಿದ್ದಾರೆ, ಕಚೇರಿ ಸೇರಿದ್ದಾರೆ.

ಆದರೆ ಬಾಗಿಲು ತೆರೆದರೆ ಸಾಕೇ? ಒಳಗೆ ಹೋಗಲು ಕೈಯಲ್ಲಿ ಸರ್ಟಿಫಿಕೇಟು ಬೇಕಲ್ರಿ! 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ ಶೇಕಡಾ 91.12 ಪಡೆದು ಮೊದಲಾದರೆ, ಕಲಬುರಗಿ 42.43 ಪಡೆದು ಕಟ್ಟಕಡೆಗೆ ನಿಂತಿತು. ನೂರು ಮಕ್ಕಳಲ್ಲಿ ಐವತ್ತೇಳು ಮಂದಿ ಮೊದಲ ಸುತ್ತಿನಲ್ಲೇ ಬಿದ್ದರು. 2024ರಿಂದ ಪರೀಕ್ಷಾ ಕೋಣೆಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂದ ಮೇಲೆ ನಕಲು ಚೀಟಿಯ ಆಟ ಕಡಿಮೆಯಾಯಿತು, ಪಾಠದ ಬಂಡವಾಳ ಬಯಲಾಯಿತು.

ತಪ್ಪು ಮಕ್ಕಳದ್ದೇ? ತೊಗರಿ ರಾಶಿ ಮುಗಿಯುತ್ತಲೇ ಚಿಂಚೋಳಿಯ ತಾಂಡಾಗಳಿಂದ ಅಪ್ಪ ಅವ್ವ ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೊರಟರೆ ಮಗುವಿನ ಪಾಟಿಚೀಲವೂ ಗಂಟುಮೂಟೆ ಸೇರುತ್ತದೆ. ಮನೆಯಲ್ಲಿ ಲಂಬಾಣಿ, ಗಡಿಯಲ್ಲಿ ತೆಲುಗು, ಪುಸ್ತಕದಲ್ಲಿ ಕನ್ನಡ. ಇಂಥ ಮಗುವಿಗೆ ಮೂರನೇ ತರಗತಿಯಲ್ಲೇ ಓದಲು ಕಲಿಸುವ ಮಾಸ್ತರು ಸಿಗದಿದ್ದರೆ, ಹತ್ತನೇ ತರಗತಿಯಲ್ಲಿ ಸ್ಪೆಷಲ್ ಕ್ಲಾಸು ನಡೆಸಿ ಏನು ಬಂತು?

ಕೇಳುವವರು ಬೇಕು

ರೊಕ್ಕ ಇಲ್ಲ ಎನ್ನುವ ಮಾತು ಈಗ ನಡೆಯುವುದಿಲ್ಲ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023-24ರ ಬಜೆಟ್‌ನಲ್ಲಿ 5,000 ಕೋಟಿ ರೂಪಾಯಿ ಘೋಷಣೆಯಾಯಿತು. ರೊಕ್ಕದಿಂದ ಕೋಣೆ ಕಟ್ಟಬಹುದು, ಕಾಂಪೌಂಡು ಎಬ್ಬಿಸಬಹುದು. ಕೋಣೆಯೊಳಗೆ ಪಾಠ ನಡೆಯಿತೋ ಇಲ್ಲವೋ ನೋಡುವವರು ಯಾರು? ಗುತ್ತಿಗೆದಾರನಿಗೆ ಬಿಲ್ಲು ಪಾಸಾದರೆ ಮುಗಿಯಿತು. ಮಗು ಪಾಸಾಗಲು ಹತ್ತು ವರ್ಷ ಯಾರಾದರೂ ಬೆನ್ನು ಹತ್ತಬೇಕು.

ಅದಕ್ಕೆಂದೇ 2001ರಲ್ಲಿ ಸರ್ಕಾರ ಪ್ರತಿ ಶಾಲೆಗೂ ಎಸ್‌ಡಿಎಂಸಿ ಮಾಡಿತು. ಅದರಲ್ಲಿ ಪಾಲಕರೇ ಸದಸ್ಯರು. ಮಾಸ್ತರು ಎಷ್ಟು ಮಂದಿ, ಯಾವ ವಿಷಯಕ್ಕೆ ಇಲ್ಲ, ಗುಳೆ ಹೋದ ಮಕ್ಕಳೆಷ್ಟು ಎಂದು ಕೇಳುವ ಹಕ್ಕು ಅಲ್ಲಿದೆ. ಆದರೆ ಸಭೆಯ ದಿನ ಪಾಲಕರು ಕೂಲಿಗೆ ಹೋಗಿರುತ್ತಾರೆ, ಪುಸ್ತಕದಲ್ಲಿ ಸಹಿ ಮಾತ್ರ ಬೀಳುತ್ತದೆ.

ಇದೇ ದಾರಿಯ ಮಳಖೇಡ ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿ. ನಮಗೆ ದೊರೆತ ಕನ್ನಡದ ಮೊದಲ ಗ್ರಂಥ 'ಕವಿರಾಜಮಾರ್ಗ' 9ನೇ ಶತಮಾನದಲ್ಲಿ ಹುಟ್ಟಿದ್ದು ಆ ಆಸ್ಥಾನದಲ್ಲಿ. ಅದರ ಹೆಸರು ಹೇಳಿ ಭಾಷಣ ಮಾಡುವವರಿಗೆ ಚಪ್ಪಾಳೆ ಸಾಕಷ್ಟು ಬಿದ್ದಿದೆ. ಮುಂದಿನ ಸಲ ಓಟು ಕೇಳಲು ಅಂಗಡಿ ಮುಂದೆ ಕೈಮುಗಿದು ನಿಂತವರಿಗೆ ರಸ್ತೆ, ಗಟಾರದ ಜೊತೆ ಇನ್ನೊಂದು ಪ್ರಶ್ನೆ ಹಾಕಬೇಕು: 'ನಮ್ಮ ಊರ ಸಾಲಿಯಲ್ಲಿ ಗಣಿತದ ಮಾಸ್ತರು ಇದ್ದಾರೇನ್ರಿ?' ಉತ್ತರ ಗೊತ್ತಿಲ್ಲದವರು ಮುಂದಾಳು ಹೇಗಾದಾರು!