ಹಲ್ಲು ಕೀಳಿಸುವುದಕ್ಕೆ ಅಂಜಿಕೆ ಯಾಕೆ?

"ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗ್ತಾವಂತೆ!"

ಹೊಸಪೇಟೆ, ಸಂಡೂರು, ಕಂಪ್ಲಿ, ಎಲ್ಲೇ ಹೋಗಲಿ, ಈ ಮಾತು ನಮ್ಮ ಕಿವಿಗೆ ಬೀಳುತ್ತದೆ. ಇದನ್ನು ನಂಬಿ ಎಷ್ಟೋ ಅಕ್ಕಂದಿರು ಲವಂಗ ಕಚ್ಚಿಕೊಂಡು, ತಂಬಾಕು ಒತ್ತಿಕೊಂಡು ದಿನ ನೂಕುತ್ತಾರೆ.

ಈ ಮಾತು ಸುಳ್ಳು. ನೋಡುವ ನರ ಬೇರೆ. ಹಲ್ಲಿನ ನರ ಬೇರೆ. ವಯಸ್ಸಾದಾಗ ಹಲ್ಲೂ ಅಲುಗುತ್ತವೆ, ಕಣ್ಣೂ ಮಂಜಾಗುತ್ತವೆ. ಎರಡೂ ಜೊತೆಗೆ ಬರುವುದರಿಂದ ಜನ ಹಾಗೆ ತಿಳಿದಿದ್ದಾರೆ. ನಿಜ ನೋಡಿದರೆ ಕೀವು ತುಂಬಿದ ಹಲ್ಲನ್ನು ಹಾಗೇ ಬಿಡುವುದೇ ಅಪಾಯ. ಬಾವು ಕೆನ್ನೆಗೆ ಏರಿ, ಕಣ್ಣಿನ ತನಕ ಊದಬಹುದು.

ಹಾಗಂತ ನೋಯುವ ಹಲ್ಲನ್ನೆಲ್ಲ ಕೀಳಿಸಬೇಕಿಲ್ಲ. ಹುಳುಕು ಸಣ್ಣದಿರುವಾಗಲೇ ಹೋದರೆ ಡಾಕ್ಟರು ಅದನ್ನು ತುಂಬುತ್ತಾರೆ. ಹಲ್ಲು ಉಳಿಯುತ್ತದೆ.

ಕೀಳಲೇಬೇಕು ಅಂದರೆ ಆಸ್ಪತ್ರೆಯಲ್ಲೇ ಕೀಳಿಸಿ. ಸರ್ಕಾರಿ ದಂತ ಕಾಲೇಜು ಬಳ್ಳಾರಿಯಲ್ಲೇ ಇದೆ. ಬೀದಿಯಲ್ಲಿ ಕೂತು ಹಲ್ಲು ಕೀಳುವವರ ಹತ್ತಿರ ಹೋಗಬೇಡಿ. ಸರಿಯಾಗಿ ಕುದಿಸದ ಇಕ್ಕಳದಿಂದ ಒಬ್ಬರ ರೋಗ ಇನ್ನೊಬ್ಬರಿಗೆ ಅಂಟುತ್ತದೆ.

ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ಸಕ್ಕರೆ ಕಾಯಿಲೆ, ಬಿಪಿ, ಎದೆಯ ತೊಂದರೆ ಇದ್ದರೆ ಮೊದಲೇ ಹೇಳಿ. ನುಂಗುವ ಗುಳಿಗೆ ಕೈಯಲ್ಲೇ ಹಿಡಿದುಕೊಂಡು ಹೋಗಿ ತೋರಿಸಿ. ಬಸುರಿ ಇರಬಹುದು ಅನ್ನುವ ಅನುಮಾನ ಇದ್ದರೂ ಹೇಳಿ. ನಾಚಿಕೆ ಬೇಡ.

ಡಾಕ್ಟರು ವಸಡಿಗೆ ಸೂಜಿ ಚುಚ್ಚುತ್ತಾರೆ. ಚುರುಕ್ ಅನ್ನುತ್ತದೆ, ಅಷ್ಟೇ. ಸ್ವಲ್ಪ ಹೊತ್ತಿಗೆ ತುಟಿ, ಕೆನ್ನೆ ಜೋಮು ಹಿಡಿಯುತ್ತವೆ. ಆಮೇಲೆ ಹಲ್ಲನ್ನು ಅಲುಗಿಸಿ ತೆಗೆಯುತ್ತಾರೆ. ಒತ್ತಿದ್ದು, ಎಳೆದದ್ದು ಗೊತ್ತಾಗುತ್ತದೆ. ಚುಚ್ಚಿದಂಥ ನೋವು ಇರುವುದಿಲ್ಲ. ನೋವಾದರೆ ಕೈ ಎತ್ತಿ. ಡಾಕ್ಟರು ಇನ್ನಷ್ಟು ಮದ್ದು ಕೊಡುತ್ತಾರೆ.

ಕಿತ್ತ ಜಾಗಕ್ಕೆ ಹತ್ತಿ ಇಡುತ್ತಾರೆ. ಅರ್ಧ ಗಂಟೆ ಗಟ್ಟಿಯಾಗಿ ಕಚ್ಚಿಕೊಂಡಿರಿ. ಆ ಗುಳಿಯಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಈ ಹೆಪ್ಪೇ ಗಾಯಕ್ಕೆ ಮುಚ್ಚಳ. ಅದು ಕಿತ್ತು ಬಂದರೆ ಒಳಗಿನ ಎಲುಬು ತೆರೆದುಕೊಳ್ಳುತ್ತದೆ. ಎರಡು ಮೂರು ದಿನಕ್ಕೆ ತಡೆಯಲಾರದ ನೋವು ಬರುತ್ತದೆ. ಅದಕ್ಕೇ ಅವತ್ತು ಉಗುಳಬೇಡಿ, ಬಾಯಿ ಮುಕ್ಕಳಿಸಬೇಡಿ. ನಾಲಿಗೆಯಿಂದ, ಕಡ್ಡಿಯಿಂದ ಕೆದಕಬೇಡಿ. ಎಲೆ ಅಡಿಕೆ, ತಂಬಾಕು ಮುಟ್ಟಲೇಬೇಡಿ. ಇದು ಕಷ್ಟ ಅಂತ ನಮಗೂ ಗೊತ್ತು. ಆದರೂ ಗಾಯ ಮಾಯುವ ತನಕ ಸಂಚಿ ಬೇರೆಯವರ ಕೈಗೆ ಕೊಟ್ಟುಬಿಡಿ.

ಉಗುಳಿನಲ್ಲಿ ತುಸು ಕೆಂಪು ಕಂಡರೆ ಗಾಬರಿ ಬೇಡ, ನುಂಗಿಬಿಡಿ. ಜೋಮು ಇಳಿದ ಮೇಲೆಯೇ ಉಣ್ಣಿ. ಇಲ್ಲದಿದ್ದರೆ ಕೆನ್ನೆ ಕಚ್ಚಿಕೊಂಡರೂ ತಿಳಿಯುವುದಿಲ್ಲ. ತಣ್ಣನೆಯ ಮಜ್ಜಿಗೆ ಅನ್ನ, ಅಂಬಲಿ ಸಾಕು. ಬಾಳೆಹಣ್ಣಿಗಂತೂ ನಮ್ಮ ಕಡೆ ಬರ ಇಲ್ಲ. ಬಿಸಿ ಚಹಾ, ರೊಟ್ಟಿ, ಖಾರ ಅವತ್ತು ಬೇಡ. ಅವತ್ತು ಕೂಲಿಗೂ ಹೋಗಬೇಡಿ. ಬಗ್ಗಿ ಕಬ್ಬು ಕಡಿದರೆ, ಭಾರ ಹೊತ್ತರೆ ರಕ್ತ ಮತ್ತೆ ಹರಿಯಬಹುದು. ಮನೆಯವರಿಗೂ ಇದನ್ನು ಓದಿ ಹೇಳಿ.

ಮರುದಿನದಿಂದ ಉಪ್ಪು ಹಾಕಿದ ಉಗುರುಬೆಚ್ಚಗಿನ ನೀರನ್ನು ಬಾಯಿಗೆ ಹಾಕಿಕೊಂಡು ಮೆಲ್ಲಗೆ ಬಿಡಿ. ಡಾಕ್ಟರು ಹೇಳಿದಷ್ಟು ದಿನ ಗುಳಿಗೆ ನುಂಗಿ. ರಕ್ತ ನಿಲ್ಲದಿದ್ದರೆ, ಜ್ವರ ಬಂದರೆ, ಬಾವು ದಿನೇ ದಿನೇ ಏರಿದರೆ, ಬಾಯಿ ತೆರೆಯಲು ಆಗದಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ. ನುಂಗಲು, ಉಸಿರಾಡಲು ಕಷ್ಟವಾದರೆ ರಾತ್ರಿಯಾದರೂ ಸರಿ, 108ಕ್ಕೆ ಫೋನ್ ಮಾಡಿಸಿ.